ಪದರ ಬಿಡುತ್ತಿದ್ದ ಉಗುರು ಗಟ್ಟಿಯಾದ ಬಗೆ: ನನ್ನ ಅನುಭವ

ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದ ಮೇಲೆ ನನ್ನ ಕೈ ಒಣಗಿರುತ್ತಿದ್ದುದೇ ಅಪರೂಪ. ಬೆಳಿಗ್ಗೆ ಕೊಟ್ಟಿಗೆ, ಅನಂತರ ಪಾತ್ರೆ, ಬಟ್ಟೆ. ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಸುಲಿದು, ಕೈಗೆ ಹತ್ತಿದ ಕಪ್ಪು ಕಲೆ ಹೋಗಲೆಂದು ನಿಂಬೆಹುಳಿ, ಬಟ್ಟೆ ಸೋಪು ಹಚ್ಚಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ಉಗುರಿನ ತುದಿ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತಿತ್ತು, ಸೀರೆಯ ನೂಲಿಗೆ ಸಿಕ್ಕಿ ಹರಿಯುತ್ತಿತ್ತು. ಕ್ಯಾಲ್ಸಿಯಂ ಸಾಲದೆಂದು ಎಲ್ಲರೂ ಹೇಳಿದ್ದನ್ನು ನಂಬಿ ಒಂದು ವರ್ಷ ಮಾತ್ರೆ ನುಂಗಿದರೂ ಏನೂ ಬದಲಾಗಲಿಲ್ಲ. ಉಗುರು ಮೂಳೆಯ ಜಾತಿಯದಲ್ಲ, ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಕೊನೆಗೆ ಶಿವಮೊಗ್ಗದಲ್ಲಿ ಚರ್ಮವೈದ್ಯರೊಬ್ಬರ ಬಳಿ ಹೋದಾಗ ಅವರು ನನ್ನ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ನೀರು ಬಿಟ್ಟರು. ಹನಿ ಜಾರಲಿಲ್ಲ, ನಡುಭಾಗ ತಗ್ಗಿ ಅಂಚು ಮೇಲೆದ್ದಿದ್ದ ಉಗುರಿನಲ್ಲಿ ಚಮಚದೊಳಗೆ ನಿಂತಂತೆ ನಿಂತಿತು. ದೇಹದಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆಯಾದಾಗ ಹೀಗಾಗುವುದುಂಟು ಎಂದು ಹೇಳಿ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಗರ್ಭಿಣಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ, ನನ್ನದು 9.4 ಇತ್ತು. ಉಗುರು ಕೆಟ್ಟಿದೆಯೆಂದು ಅಂಗಡಿಯ ಬಯೋಟಿನ್ (ಬಿ ಗುಂಪಿನ ಒಂದು ಜೀವಸತ್ವ) ಮಾತ್ರೆಗೆ ಕೈಹಾಕುವವರು ಮೊದಲು ಈ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ನಾನು ಬಲವಾಗಿ ಹೇಳುತ್ತೇನೆ. ಬಯೋಟಿನ್ ಸೇವಿಸುತ್ತಿದ್ದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೂ ತಪ್ಪಾಗಿ ಬರಬಹುದಾದ್ದರಿಂದ ವೈದ್ಯರಿಗೆ ಅದನ್ನು ಮುಂಚೆಯೇ ತಿಳಿಸಬೇಕು.

ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಿಂತಲೂ ನನಗೆ ಕಷ್ಟವಾದದ್ದು ಕಾಫಿಯ ಹೊತ್ತನ್ನು ಬದಲಿಸುವುದು. ಊಟವಾದ ಕೂಡಲೇ ಕಾಫಿ ಕುಡಿದರೆ ಆಹಾರದ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿ ಕಾಫಿಯನ್ನು ಊಟದಿಂದ ಒಂದೂವರೆ ಗಂಟೆ ದೂರ ತಳ್ಳಿ, ಹರಿವೆ ಸೊಪ್ಪಿನ ಪಲ್ಯಕ್ಕೂ ಹುರುಳಿ ಸಾರಿಗೂ ನಿಂಬೆರಸ ಹಿಂಡಿಕೊಳ್ಳತೊಡಗಿದೆ. ಹುಳಿಯಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ.

ಆದರೆ ತುದಿ ಪದರ ಬಿಡುವುದಕ್ಕೆ ಮುಖ್ಯ ಕಾರಣ ನೀರೇ ಆಗಿತ್ತು. ನೆನೆದಾಗ ಉಗುರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಪದರಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಬರಿಯ ರಬ್ಬರ್ ಕೈಗವಸು ಹಾಕಿದಾಗ ಒಳಗೆ ಬೆವರಿ ಕೈ ಇನ್ನಷ್ಟು ನೆನೆಯುತ್ತಿತ್ತು. ಅದರೊಳಗೆ ತೆಳು ಹತ್ತಿಯ ಕೈಗವಸು ಹಾಕಿಕೊಂಡ ಮೇಲೆ ಸರಿಹೋಯಿತು. ನಮ್ಮ ಮಳೆಗಾಲದಲ್ಲಿ ಹತ್ತಿ ಒಣಗುವುದೆಲ್ಲಿ? ನಾಲ್ಕು ಜೊತೆ ಇಟ್ಟುಕೊಂಡು ಬಚ್ಚಲೊಲೆಯ ಮೇಲಿನ ತಂತಿಗೆ ಸರದಿಯಂತೆ ನೇತುಹಾಕುತ್ತೇನೆ.

ರಾತ್ರಿ ಮಲಗುವ ಮುನ್ನ ಮುರುಗಲ (ಕೋಕಂ) ಬೀಜದ ತುಪ್ಪ ಹಚ್ಚುತ್ತೇನೆ. ಒಡೆದ ಹಿಮ್ಮಡಿಗೆಂದು ಅತ್ತೆಯವರು ಡಬ್ಬಿಯಲ್ಲಿ ಕಾಪಿಡುತ್ತಿದ್ದ ಗಟ್ಟಿ ಉಂಡೆ ಅದು; ಕಡಲೆಕಾಳಿನಷ್ಟು ಚೂರನ್ನು ಅಂಗೈಯಲ್ಲಿ ತಿಕ್ಕಿ ಮೆತ್ತಗಾಗಿಸಿ, ಉಗುರಿಗೂ ಅದರ ಬುಡದ ತೆಳು ಚರ್ಮಕ್ಕೂ ಸವರಬೇಕು. ಇದು ಉಗುರನ್ನು ಬೆಳೆಸುವುದಿಲ್ಲ, ಒಳಗಿನ ತೇವ ಆರದಂತೆ ತಡೆಯುತ್ತದೆ, ಅಷ್ಟೇ. ತೆಂಗಿನೆಣ್ಣೆಯನ್ನೂ ಹಚ್ಚಬಹುದು. ಬುಡದ ಆ ಚರ್ಮವನ್ನು ಮಾತ್ರ ಕತ್ತರಿಸಬಾರದು. ಕೊಳೆ, ಸೋಂಕು ಒಳಹೋಗದಂತೆ ಕಾಯುವುದು ಅದೇ. ಉಗುರನ್ನು ಗಿಡ್ಡವಾಗಿಯೇ ಇಟ್ಟುಕೊಂಡು, ಅಂಚನ್ನು ಒಂದೇ ದಿಕ್ಕಿನಲ್ಲಿ ಉಜ್ಜಿ ನಯಮಾಡುತ್ತೇನೆ.

ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ನವೆಂಬರಿನಲ್ಲಿ ಕೊಟ್ಟಿಗೆಯ ಬಾಗಿಲಿಗೆ ಸಿಕ್ಕಿ ಮಧ್ಯದ ಬೆರಳಿನ ಉಗುರಿನ ಬುಡದಲ್ಲಿ ಮೂಡಿದ ಬಿಳಿ ಗೆರೆ ಯುಗಾದಿಯ ಹೊತ್ತಿಗೆ ತುದಿಗೆ ಬಂತು. ಅದರ ಹಿಂದೆ ಬೆಳೆದದ್ದೆಲ್ಲ ಒಂದೇ ದಪ್ಪ, ನಯ. ಗೆರೆಯ ಮುಂದಿನ ಹಳೆಯ ಭಾಗವನ್ನು ಕತ್ತರಿಸಿ ತೆಗೆಯುವಾಗ ಅದು ಇನ್ನೂ ಪುಡಿಯಾಗಿಯೇ ಉದುರಿತು. ಹೆಬ್ಬೆರಳಿನ ತಗ್ಗು ತುಂಬಿಕೊಳ್ಳಲು ಮತ್ತೆರಡು ತಿಂಗಳು ಹಿಡಿಯಿತು. ಅಡಿಕೆ ಸುಲಿಯುವ ದಿನಗಳಲ್ಲಿ ಕೈಗವಸು ತೊಟ್ಟು ಮೆಟ್ಟುಗತ್ತಿಯ ಮುಂದೆ ಕೂರಲಾಗದ ಕಾರಣ ಬಲಗೈಯ ತೋರುಬೆರಳಿನ ಅಂಚು ಈಗಲೂ ಆಗೊಮ್ಮೆ ಸೀಳುತ್ತದೆ. ಆ ಬೆರಳಿಗೆ ಮಾತ್ರ ಹತ್ತಿ ಬಟ್ಟೆಯ ಪಟ್ಟಿ ಸುತ್ತಿಕೊಂಡು ಕೂರುವುದನ್ನು ಈ ವರ್ಷದಿಂದ ಆರಂಭಿಸಿದ್ದೇನೆ.