ಗೋವಾ 70.3ಕ್ಕೆ ನಾನು ಹೊಟ್ಟೆ ತಯಾರು ಮಾಡಿದ್ದು

ಐರನ್‌ಮ್ಯಾನ್ 70.3 ಅಂದರೆ ಒಂದೇ ರೇಸಿನಲ್ಲಿ ಬೆನ್ನುಬೆನ್ನಿಗೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಎಲ್ಲ ಮೈಲಿಯಲ್ಲಿ ಕೂಡಿದರೆ 70.3. ಗೋವಾದ ರೇಸ್ 2019ರಲ್ಲಿ ಶುರುವಾಯಿತು, ಪಣಜಿಯ ಮಿರಾಮಾರ್ ಬೀಚಿನಲ್ಲಿ. ಬೆಂಗಳೂರಿನಿಂದ ಹೋಗುವ ನಮ್ಮಂಥವರಿಗೆ ಅಲ್ಲಿ ದೂರಕ್ಕಿಂತ ಸೆಕೆಯೇ ದೊಡ್ಡ ತಲೆನೋವು. ನಾವು ತಯಾರಿ ಮಾಡುವುದು ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ, ನಂದಿ ಬೆಟ್ಟದ ಕಡೆಯ ತಣ್ಣನೆ ಬೆಳಗಿನಲ್ಲಿ. ರೇಸ್ ಮಾಡುವುದು ಕಡಲ ತೀರದಲ್ಲಿ, ಬೆವರು ಆರದ ಹವೆಯಲ್ಲಿ. ಹಾಗಾಗಿ ಊಟ, ನೀರಿನ ಲೆಕ್ಕವನ್ನು ನಾನು ಬೆಂಗಳೂರಿನ ಹವೆಗೆ ಹಾಕಲೇ ಇಲ್ಲ. ಮಂಗಳೂರಿನಲ್ಲಿ ಅಕ್ಕನ ಮನೆಗೆ ಹೋಗಿ ಹಾಕಿದೆ.

ಬೆವರಿನ ಲೆಕ್ಕಕ್ಕೆ ಲ್ಯಾಬ್ ಬೇಡ, ತೂಕದ ಮೆಷಿನ್ ಸಾಕು. ಓಡುವ ಮುಂಚೆ ಮೂತ್ರ ಮಾಡಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಬೇಕು. ರೇಸಿನ ವೇಗದಲ್ಲಿ ಒಂದು ಗಂಟೆ ಓಡಬೇಕು. ಎಷ್ಟು ಕುಡಿದೆವು ಅಂತ ನೆನಪಿಟ್ಟುಕೊಂಡು, ಮೈ ಚೆನ್ನಾಗಿ ಒರೆಸಿ ಮತ್ತೆ ತೂಕ ನೋಡಬೇಕು. ನಾನು ಹೋಗುವಾಗ 68.4 ಕೆ.ಜಿ. ಇದ್ದೆ, ಬರುವಾಗ 67.3. ಇಳಿದದ್ದು 1.1 ಕೆ.ಜಿ. ನಡುವೆ 300 ಮಿ.ಲೀ. ಕುಡಿದಿದ್ದೆ. ಒಂದು ಕೆ.ಜಿ.ಯನ್ನು ಒಂದು ಲೀಟರ್ ಅಂತ ಹಿಡಿದರೆ ಗಂಟೆಗೆ 1.4 ಲೀಟರ್ ಬೆವರು. ಇದೇ ವೇಗದಲ್ಲಿ ಬೆಂಗಳೂರಿನಲ್ಲಿ ಬರುತ್ತಿದ್ದದ್ದು ಸುಮಾರು ಅದರ ಅರ್ಧ. ಒಂದು ಸಲದ ಲೆಕ್ಕ ನಂಬಬಾರದು ಅಂತ ಮರುದಿನವೂ ಟವೆಲ್ ಸುತ್ತಿಕೊಂಡು ಮೆಷಿನ್ ಹತ್ತಿದೆ. ಅಕ್ಕ ಅಡುಗೆಮನೆಯಿಂದ ಇಣುಕಿ, "ಎಂತ ಮಾರಾಯ, ನಿನ್ನೆ ನೋಡಿದ್ದಲ್ವಾ? ಒಂದು ರಾತ್ರಿಗೆ ಎಷ್ಟು ಸಣ್ಣ ಆಗ್ತೀ?" ಅಂದಳು.

1.4 ಲೀಟರ್ ಹೋಗುತ್ತದೆ ಅಂತ ಅಷ್ಟನ್ನೂ ಕುಡಿಯಲು ಆಗುವುದಿಲ್ಲ. ಓಡುವಾಗ ನನ್ನ ಹೊಟ್ಟೆ ಗಂಟೆಗೆ 700-800 ಮಿ.ಲೀ.ಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಮಿಕ್ಕದ್ದು ಒಳಗೆ ಗುಳುಗುಳು ಅಂತ ಅಲ್ಲಾಡುತ್ತಿರುತ್ತದೆ. ಸೈಕಲ್ ಮೇಲಾದರೆ ಒಂದು ಲೀಟರ್‌ವರೆಗೂ ನಡೆಯುತ್ತದೆ. ಅಂದರೆ ಸ್ವಲ್ಪ ಕೊರತೆ ಇದ್ದೇ ಇರುತ್ತದೆ, ಅದನ್ನು ಒಪ್ಪಿಕೊಂಡೇ ಪ್ಲಾನ್ ಮಾಡಬೇಕು. ಕೊರತೆ ತುಂಬಲು ಸುಮ್ನೆ ನೀರು ಕುಡಿಯುತ್ತಾ ಹೋಗುವುದು ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಇರಬೇಕಾದದ್ದಕ್ಕಿಂತ ಕಡಿಮೆಯಾಗಿತ್ತು. ಓಡುವಾಗ ತೂಕ ಏರಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಇದು ಜಾಸ್ತಿ. ತೀರಾ ಕಡಿಮೆಯಾದರೆ ಜೀವಕ್ಕೇ ಕುತ್ತು.

ಸೋಡಿಯಂ ವಿಷಯದಲ್ಲಿ ಒಬ್ಬೊಬ್ಬರ ಬೆವರು ಒಂದೊಂದು ಥರ. ಲೀಟರಿಗೆ 200 ಮಿ.ಗ್ರಾಂ. ಕಳೆದುಕೊಳ್ಳುವವರೂ ಇದ್ದಾರೆ, 2,000 ಕಳೆದುಕೊಳ್ಳುವವರೂ ಇದ್ದಾರೆ. ನನ್ನ ಕಪ್ಪು ಜೆರ್ಸಿ ಒಣಗಿದ ಮೇಲೆ ಬೆನ್ನ ಮೇಲೆ ಬಿಳಿ ಗೆರೆಗಳು ಮೂಡುತ್ತವೆ. ಅದನ್ನು ನೋಡಿ ಲೀಟರಿಗೆ 1,000 ಅಂತ ಅಂದಾಜಿಟ್ಟುಕೊಂಡೆ. ಅಡುಗೆ ಉಪ್ಪಿನಲ್ಲಿ ಸುಮಾರು ಶೇ. 40 ಭಾಗ ಸೋಡಿಯಂ, ಹಾಗಾಗಿ 2 ಗ್ರಾಂ ಉಪ್ಪು ಅಂದರೆ 800 ಮಿ.ಗ್ರಾಂ. ಎಳನೀರು ಒಳ್ಳೆಯದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಒಳ್ಳೆಯದೇ, ಆದರೆ ಅದರಲ್ಲಿ ಜಾಸ್ತಿ ಇರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಜಾಸ್ತಿ ಹೋಗುವುದು ಸೋಡಿಯಂ. ರೇಸ್ ಮುಗಿದ ಮೇಲೆ ಎಳನೀರು ಎಷ್ಟು ಬೇಕಾದರೂ ಕುಡಿಯಲಿ ಬಿಡಿ. (ಬಿ.ಪಿ., ಕಿಡ್ನಿ ತೊಂದರೆ ಇದ್ದವರು ಈ ಉಪ್ಪಿನ ಲೆಕ್ಕವನ್ನು ಡಾಕ್ಟರ ಹತ್ತಿರ ಮಾತಾಡದೆ ಮಾಡಬೇಡಿ.)

ಇನ್ನು ಶಕ್ತಿಯ ಮಾತು. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಗ್ಲೂಕೋಸಿನ ದಾಸ್ತಾನು, 400-500 ಗ್ರಾಂ ಅಷ್ಟೇ. ಆರು ಗಂಟೆ ದಾಟುವ ರೇಸಿಗೆ ಅದು ಸಾಲದು. ಹೊರಗಿನಿಂದ ಕೊಡಲೇಬೇಕು. ಕರುಳಿನಲ್ಲಿ ಗ್ಲೂಕೋಸ್‌ಗೆ ಒಂದು ಬಾಗಿಲು, ಫ್ರಕ್ಟೋಸ್‌ಗೆ ಇನ್ನೊಂದು ಬಾಗಿಲು ಇದೆ. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಗಂಟೆಗೆ 60 ಗ್ರಾಂ ದಾಟುವುದು ಕಷ್ಟ. ಎರಡನ್ನೂ ಕೊಟ್ಟರೆ 90ರವರೆಗೂ ಹೋಗಬಹುದು. ಕ್ರೀಡಾಪಟುಗಳ ಆಹಾರದ ಬಗ್ಗೆ ಕೆಲಸ ಮಾಡಿದ ವಿಜ್ಞಾನಿ ಆಸ್ಕರ್ ಯೂಕೆಂಡ್ರಪ್ ಮತ್ತು ಜೊತೆಗಾರರ ಸಂಶೋಧನೆಗಳಿಂದ ಇದು ಎಲ್ಲರಿಗೂ ಗೊತ್ತಾಯಿತು. ಹೆಚ್ಚು ಬಳಕೆಯಲ್ಲಿದ್ದ ಲೆಕ್ಕ ಎರಡು ಪಾಲು ಗ್ಲೂಕೋಸ್, ಒಂದು ಪಾಲು ಫ್ರಕ್ಟೋಸ್.

ಇದಕ್ಕೆ ದುಬಾರಿ ಪುಡಿ ಬೇಕಾಗಿಲ್ಲ ಅನ್ನುವುದು ನನಗೆ ಖುಷಿ ಕೊಟ್ಟ ವಿಷಯ. ಮನೆಯ ಸಕ್ಕರೆಯಲ್ಲೇ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವ ಪಿಷ್ಟದ ಪುಡಿ ಹೊಟ್ಟೆಯಲ್ಲಿ ಪೂರ್ತಿ ಗ್ಲೂಕೋಸ್ ಆಗುತ್ತದೆ, ಸಿಹಿಯೂ ಕಡಿಮೆ. 60 ಗ್ರಾಂ ಸಕ್ಕರೆಗೆ 30 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಸೇರಿಸಿದರೆ ಗ್ಲೂಕೋಸ್ 60, ಫ್ರಕ್ಟೋಸ್ 30. ಸರಿಯಾಗಿ ಎರಡಕ್ಕೆ ಒಂದು! ಇದಕ್ಕೆ 2 ಗ್ರಾಂ ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ಬೀಜ ಬೀಳದಂತೆ ಸೋಸಲೇಬೇಕು, ಬೀಜ ಬಾಟಲಿಯ ಮೂತಿಗೆ ಸಿಕ್ಕಿಕೊಂಡರೆ ರಸ್ತೆಯಲ್ಲಿ ಪರದಾಟ. ಪುಡಿಗಳನ್ನು ಮೊದಲು ಸ್ವಲ್ಪ ಉಗುರು ಬೆಚ್ಚಗಿನ ನೀರಲ್ಲಿ ಕರಗಿಸಿ, ಆಮೇಲೆ 750 ಮಿ.ಲೀ. ಬಾಟಲಿ ತುಂಬಿಸುತ್ತೇನೆ. ಇಲ್ಲದಿದ್ದರೆ ಮಾಲ್ಟೋಡೆಕ್ಸ್‌ಟ್ರಿನ್ ಗಂಟು ಕಟ್ಟಿ ತಳದಲ್ಲಿ ಕೂರುತ್ತದೆ. ಉಪ್ಪನ್ನು ಚಮಚದಲ್ಲಿ ಅಳೆಯುವುದಿಲ್ಲ, ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ತೂಗುತ್ತೇನೆ. ರುಚಿ ಗಟ್ಟಿ ಪಾನಕದ ಹಾಗೆ.

ನನ್ನ ಗುರಿ ಸೈಕಲ್ ಮೇಲೆ ಗಂಟೆಗೆ 70 ಗ್ರಾಂ. ಮೂರೂಕಾಲು ಗಂಟೆಗೆ ಸುಮಾರು 230 ಗ್ರಾಂ ಬೇಕು. ಇಂಥ ಎರಡು ಬಾಟಲಿಯಲ್ಲಿ 180, 25 ಗ್ರಾಮಿನ ಎರಡು ಜೆಲ್‌ನಲ್ಲಿ (ಪುಟ್ಟ ಪೊಟ್ಟಣದಲ್ಲಿ ಬರುವ ಗಟ್ಟಿ ಸಿಹಿ ಪಾಕ) 50. ಮುಗಿಯಿತು. ಬಾಟಲಿ ದಪ್ಪಗಿರುವುದರಿಂದ ಅದರ ಜೊತೆ ದಾರಿಯ ಏಡ್ ಸ್ಟೇಷನ್‌ಗಳಲ್ಲಿ ಬರೀ ನೀರು ತೆಗೆದುಕೊಳ್ಳಲೇಬೇಕು. ಜೆಲ್ ಜೊತೆಗೂ ನೀರೇ. ಸಿಹಿಯ ಮೇಲೆ ಸಿಹಿ ಹಾಕಿದರೆ ಹೊಟ್ಟೆ ಮುಂದಕ್ಕೆ ಕಳಿಸದೆ ಕೂತುಬಿಡುತ್ತದೆ.

ಇದನ್ನೆಲ್ಲ ಕಾಗದದ ಮೇಲೆ ಬರೆದರೆ ಆಗಲಿಲ್ಲ, ಹೊಟ್ಟೆಗೂ ಅಭ್ಯಾಸ ಬೇಕು. ಗಂಟೆಗೆ 40 ಗ್ರಾಮಿನಿಂದ ಶುರು ಮಾಡಿ, ವಾರಾಂತ್ಯದ ಉದ್ದ ಸವಾರಿಗಳಲ್ಲಿ ಸ್ವಲ್ಪ ಸ್ವಲ್ಪ ಏರಿಸಿದೆ. 60ರ ಹತ್ತಿರ ಹೊಟ್ಟೆ ಉಬ್ಬರ ಬಂತು. ಅಲ್ಲೇ ಕೆಲವು ವಾರ ನಿಂತೆ, ತಾನಾಗಿ ಸರಿಹೋಯಿತು. ಸಣ್ಣ ಸವಾರಿಗಳಿಗೆ ಇಷ್ಟೆಲ್ಲ ಬೇಡ, ಸುಮ್ನೆ ತೂಕ ಬರುತ್ತದೆ.

ರೇಸಿಗೆ ಎರಡು ದಿನ ಮುಂಚಿನಿಂದ ಕಾರ್ಬ್ ಲೋಡಿಂಗ್, ಅಂದರೆ ಕಾರ್ಬೋಹೈಡ್ರೇಟ್ ಜಾಸ್ತಿ ತಿಂದು ಗ್ಲೈಕೋಜನ್ ತುಂಬಿಸಿಕೊಳ್ಳುವುದು. ಮೈತೂಕದ ಕೆ.ಜಿ.ಗೆ ದಿನಕ್ಕೆ 8ರಿಂದ 12 ಗ್ರಾಂ ಅನ್ನುತ್ತಾರೆ. ನಾನು 8 ಹಿಡಿದೆ, ಹತ್ತಿರ ಹತ್ತಿರ 545 ಗ್ರಾಂ. ಅರ್ಧ ಕೆ.ಜಿ. ಅಕ್ಕಿಯಲ್ಲೇ ಸುಮಾರು 390 ಗ್ರಾಂ ಸಿಗುತ್ತದೆ. ಅನ್ನ ತಿನ್ನುವ ನಮಗೆ ಇದೇನು ಕಷ್ಟ? ಕಷ್ಟ ಇರುವುದು ಬಿಡುವುದರಲ್ಲಿ. ರಾಗಿ ಮುದ್ದೆ, ಸೊಪ್ಪು, ಕಾಳು, ಪಲ್ಯ ಎಲ್ಲ ಬಂದ್, ನಾರು ಕಡಿಮೆ ಇರಬೇಕು. ಒಗ್ಗರಣೆ ಹಾಕದ ಮೊಸರನ್ನ, ತಿಳಿ ಸಾರು ಅನ್ನ, ಇಡ್ಲಿ, ಅವಲಕ್ಕಿ, ಹಣ್ಣಿನ ರಸ. ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಜೊತೆಗೇ ಒಯ್ದಿದ್ದೆ. ಗೋವಾಕ್ಕೆ ಬಂದು ಮೀನು ಮುಟ್ಟದ ನನ್ನನ್ನು ಗೆಳೆಯರು ಆಡಿಕೊಂಡರು, ಆಡಿಕೊಳ್ಳಲಿ. ಈ ದಿನಗಳಲ್ಲಿ ತೂಕ ಒಂದು ಕೆ.ಜಿ.ಗೂ ಮೇಲೆ ಏರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಕೂರುತ್ತದೆ, ಗಾಬರಿ ಬೇಡ.

ಹಿಂದಿನ ಸಂಜೆ ಒಂದು ಲೀಟರ್ ಓಆರ್‌ಎಸ್ ನಿಧಾನಕ್ಕೆ ಕುಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್, ಔಷಧಿ ಅಂಗಡಿಯದ್ದು. ಅದರಲ್ಲಿ ಲೀಟರಿಗೆ 1,700 ಮಿ.ಗ್ರಾಂ.ಗೂ ಮೇಲೆ ಸೋಡಿಯಂ, ಗ್ಲೂಕೋಸ್ ಬರೀ 13.5 ಗ್ರಾಂ. ಉಪ್ಪಿಗೆ ಸರಿ, ಶಕ್ತಿಗೆ ಏನೂ ಸಾಲದು. ಬೆಳಗಿನ ಜಾವ ನಾಲ್ಕಕ್ಕೆ ಮೊದಲೇ ಬಿಳಿ ಬ್ರೆಡ್‌ಗೆ ಜೇನುತುಪ್ಪ, ಬಾಳೆಹಣ್ಣು, ಸಕ್ಕರೆ ಹಾಕಿದ ಫಿಲ್ಟರ್ ಕಾಫಿ. ಎಲ್ಲ ಸೇರಿ 120 ಗ್ರಾಂ ಕಾರ್ಬ್. ಬಾಟಲಿಗಳನ್ನು ಹಿಂದಿನ ದಿನ ಸೈಕಲ್ ಜೊತೆ ಬಿಡದೆ ಬೆಳಿಗ್ಗೆಯೇ ಇಟ್ಟೆ. ಸೆಕೆಗೆ ನಿಂಬೆ ರಸ ಕೆಡುತ್ತದೆ.

ಈಜಿನಿಂದ ಎದ್ದಾಗ ಬಾಯಿ ತುಂಬ ಉಪ್ಪು. ಸೈಕಲ್ ಹತ್ತಿದ ಮೊದಲ ಹತ್ತು ನಿಮಿಷ ಬರೀ ನೀರು, ಉಸಿರು ತಹಬಂದಿಗೆ ಬಂದ ಮೇಲೆ ಬಾಟಲಿ. ಹದಿನೈದು ನಿಮಿಷಕ್ಕೊಮ್ಮೆ ವಾಚ್ ಕಂಪಿಸುವಂತೆ ಇಟ್ಟಿದ್ದೆ, ಕಂಪಿಸಿದಾಗ ಎರಡು ಗುಟುಕು. ಹಸಿವು, ಬಾಯಾರಿಕೆ ಕೇಳಿ ತಿನ್ನುವ ಕ್ರಮ ನನಗೆ ಸರಿಬರುವುದಿಲ್ಲ. ಹುರುಪಿನಲ್ಲಿ ಯಾವುದೂ ತಿಳಿಯುವುದಿಲ್ಲ. ಓಟದಲ್ಲಿ ಬೇಕಾದದ್ದನ್ನೂ ಆದಷ್ಟು ಸೈಕಲ್ ಮೇಲೇ ತುಂಬಿಸಿಕೊಳ್ಳುವುದು ಇಡೀ ಪ್ಲಾನಿನ ಜೀವಾಳ. ಸೆಕೆಯಲ್ಲಿ ಓಡುವಾಗ ರಕ್ತ ಚರ್ಮಕ್ಕೂ ಕಾಲಿಗೂ ಹರಿಯುತ್ತದೆ, ಹೊಟ್ಟೆಗೆ ಉಳಿಯುವುದು ಅಷ್ಟಕ್ಕಷ್ಟೆ.

ಓಟಕ್ಕೆ ಗಂಟೆಗೆ 45 ಗ್ರಾಂ ಅಂತ ಇಟ್ಟುಕೊಂಡಿದ್ದೆ. ಎಂಟನೇ ಕಿ.ಮೀ. ಹತ್ತಿರ ಜೆಲ್ ಬಾಯಿಗಿಟ್ಟರೆ ಓಕರಿಕೆ. ಇದಕ್ಕೂ ಪ್ಲಾನಿತ್ತು: ವೇಗ ಇಳಿಸು, ಐಸ್ ಟೋಪಿಯೊಳಗೆ, ತಲೆಗೆ ನೀರು, ಆಮೇಲೆ ಕೋಲಾ. ಒಂದು ಏಡ್ ಸ್ಟೇಷನ್‌ನಿಂದ ಇನ್ನೊಂದರವರೆಗೆ ಏನೂ ತಿನ್ನಲಿಲ್ಲ. ಮೈ ತಣ್ಣಗಾದ ಮೇಲೆ ಕೋಲಾ ಸಣ್ಣ ಗುಟುಕಿನಲ್ಲಿ ಇಳಿಯಿತು. ಕೊನೆಯವರೆಗೂ ಕೋಲಾ, ನೀರು, ಸಾಲ್ಟ್ ಕ್ಯಾಪ್ಸೂಲ್, ಇಷ್ಟೇ. ಜೆಲ್ ಮತ್ತೆ ಮುಟ್ಟಲಿಲ್ಲ.

ಮುಂದಿನದು ಮಲೇಷ್ಯಾದ ಲಂಕಾವಿಯಲ್ಲಿ ಪೂರ್ಣ ಐರನ್‌ಮ್ಯಾನ್: 3.8 ಕಿ.ಮೀ. ಈಜು, 180 ಸೈಕಲ್, 42.2 ಓಟ. ಅಲ್ಲೂ ಇದೇ ಸೆಕೆ, ಆದರೆ ಹೊತ್ತು ಎರಡರಷ್ಟಕ್ಕೂ ಮೇಲೆ. ಅಷ್ಟು ಹೊತ್ತು ಸಿಹಿಯೊಂದನ್ನೇ ನಾಲಿಗೆ ಸಹಿಸುವುದಿಲ್ಲ. ಅದಕ್ಕೇ ಈಗ ಉದ್ದ ಸವಾರಿಗಳಲ್ಲಿ ಉಪ್ಪು ಹಾಕಿ ಬೇಯಿಸಿದ ಆಲೂಗೆಡ್ಡೆ ಪ್ರಯೋಗ ಮಾಡುತ್ತಿದ್ದೇನೆ. ಕೋಡುಬಳೆಯನ್ನೂ ನೋಡಿದೆ. ರುಚಿ ಚೆನ್ನಾಗಿದೆ, ಆದರೆ ಎಣ್ಣೆ ಜಾಸ್ತಿ, ಅಗಿಯುವಾಗ ಉಸಿರು ತಪ್ಪುತ್ತದೆ. ಆಲೂಗೆಡ್ಡೆ ಸದ್ಯಕ್ಕೆ ಪಾಸ್.