ಟ್ರ್ಯಾಕರ್ ಹಾಕಿದ ಮೇಲೆ ಬೈಕ್ ಬ್ಯಾಟರಿ ಇಳಿಯುತ್ತಿದೆಯೇ?

ಕಳ್ಳರ ಕಾಟಕ್ಕೆ ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದೆ. ಮಳೆ ಹಿಡಿದು ಕೆಲವು ದಿನ ಗಾಡಿ ತೆಗೆಯದಿದ್ದರೆ ಸಾಕು, ಸೆಲ್ಫ್ ಬರೀ ಟಿಕ್ ಟಿಕ್. ಆಗುಂಬೆ ರೈಡಿಗೆ ಎಲ್ಲರೂ ಕಾಯುತ್ತಿದ್ದರೆ ನನ್ನದು ತಳ್ಳಿ ಸ್ಟಾರ್ಟ್. ಹೊಸ ಬ್ಯಾಟರಿ ಹಾಕಿದೆ, ಟರ್ಮಿನಲ್ ಉಜ್ಜಿ ವ್ಯಾಸಲೀನ್ ಹಚ್ಚಿದೆ, ಉಪಯೋಗವಾಗಲಿಲ್ಲ.

ದೋಷ ಟ್ರ್ಯಾಕರಿನ ಇಗ್ನಿಷನ್ ವೈರಿನಲ್ಲಿತ್ತು, ಅಂದರೆ ಕೀ ಆನ್ ಇದೆಯೋ ಆಫೋ ಎಂದು ಟ್ರ್ಯಾಕರಿಗೆ ತಿಳಿಸುವ ವೈರು. ನನ್ನದರಲ್ಲಿ ಅದು ಕಿತ್ತಳೆ ಬಣ್ಣ. ಫಿಟ್ಟರ್ ಅದನ್ನೂ ಬ್ಯಾಟರಿ ಪ್ಲಸ್ಸಿಗೇ ಸುತ್ತಿದ್ದ. ಹಾಗಾಗಿ ಕೀ ತೆಗೆದರೂ ಟ್ರ್ಯಾಕರ್ ಸ್ಲೀಪ್‌ಗೆ (ಕರೆಂಟ್ ಕಡಿಮೆ ಎಳೆಯುವ ಸ್ಥಿತಿಗೆ) ಹೋಗುತ್ತಿರಲಿಲ್ಲ.

ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಟ್ರ್ಯಾಕರಿಗೆ ಕರೆಂಟ್ ಕೊಡುವ ಕೆಂಪು ವೈರು ಪ್ಲಸ್ಸಿನಲ್ಲೇ ಇರಲಿ, ನಡುವೆ 2 ಆಂಪ್ ಫ್ಯೂಸ್ ಹಾಕಿ. ಕಿತ್ತಳೆಯನ್ನು ಕೀ ಆನ್ ಇದ್ದಾಗ ಮಾತ್ರ 12 ವೋಲ್ಟ್ ಬರುವ ವೈರಿಗೆ ಕೊಡಿ. ನಾನು ಬ್ರೇಕ್ ಸ್ವಿಚ್ಚಿಗೆ ಬರುವ ಲೈನ್ ಹಿಡಿದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ವೈರನ್ನು ಬಿಗಿಯುವ ಕೊಳವೆ) ಏರಿಸಿ, ಬರೀ ಟೇಪು ಮಲೆನಾಡಿನ ಮಳೆಗೆ ಬಾಳಲ್ಲ. ಮೈನಸ್ ಕೊನೆಗೆ. ಕೀ ತೆಗೆದಾಗ ಆ್ಯಪಿನಲ್ಲಿ ‘ಇಗ್ನಿಷನ್ ಆಫ್’ ಬರಬೇಕು. ಆದರೆ ಕಂಪನದ ಅಲಾರಂ ಆನ್ ಇರಲಿ.