ದಪ್ಪ-ತೆಳು ಗೆರೆಯ ಶೀರ್ಷಿಕೆ ಅಕ್ಷರ: ಬಳಸುವುದು ಹೇಗೆ?

ಮದುವೆಯ ಆಮಂತ್ರಣ ಪತ್ರಿಕೆಯಿಂದ ಹಿಡಿದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಕರಪತ್ರದವರೆಗೆ, ನಮ್ಮ ಕರಾವಳಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಒಂದೇ ಹಾಳೆಯಲ್ಲಿ ಅಚ್ಚಾಗುವುದುಂಟು. ಅಲ್ಲಿ ಇಂಗ್ಲಿಷ್ ಶೀರ್ಷಿಕೆ ಕಣ್ಣಿಗೆ ಹೊಡೆಯುವಂತಿರಬೇಕು, ಆದರೆ ಒರಟಾಗಿ ಕಾಣಬಾರದು ಎನ್ನುವವರಿಗೆ ದಪ್ಪ ಮತ್ತು ತೆಳು ಗೆರೆಗಳ ವ್ಯತ್ಯಾಸ ಎದ್ದು ಕಾಣುವ ಸೆರಿಫ್ ಅಕ್ಷರ, ಅಂದರೆ ಗೆರೆಗಳ ತುದಿಯಲ್ಲಿ ಪುಟ್ಟ ಅಡ್ಡಗೆರೆಯಿರುವ ಅಕ್ಷರ, ಒಪ್ಪುತ್ತದೆ. 18ನೇ ಶತಮಾನದ ಕೊನೆಯಲ್ಲಿ ಇಟಲಿಯ ಪಾರ್ಮಾದ ಮುದ್ರಕ ಬೊಡೋನಿ ಮತ್ತು ಪ್ಯಾರಿಸ್ಸಿನ ಮುದ್ರಕರಾದ ಡಿಡೋ ಮನೆತನದವರು ರೂಪಿಸಿದ ಈ ಬಗೆಯನ್ನು 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಅಚ್ಚುಮೊಳೆ ತಯಾರಕರು ಜಾಹೀರಾತಿಗೆಂದು ಇನ್ನಷ್ಟು ದಪ್ಪವಾಗಿಸಿದರು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಅಬ್ರಿಲ್ ಫ್ಯಾಟ್‌ಫೇಸ್ ಆ ಪರಂಪರೆಗೆ ಸೇರಿದ್ದು.

ಮೊದಲು ಅಕ್ಷರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ. ಉಡುಪಿಯ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಟೈಪ್ ಮಾಡಿದರೆ, ಎರಡೂ ‘ಯು’ಗಳ ಎಡಗಾಲು ದಪ್ಪವಾಗಿಯೂ ಬಲಗಾಲು ಕೂದಲೆಳೆಯಷ್ಟು ತೆಳುವಾಗಿಯೂ ಇರುತ್ತವೆ, ಕೊನೆಯ ‘ಐ’ ಅಕ್ಷರದ ದಪ್ಪ ಮೈಗೆ ಮೇಲೂ ಕೆಳಗೂ ಅದೇ ತೆಳುವಿನ ಅಡ್ಡಗೆರೆ ಇರುತ್ತದೆ. ಈ ಅಕ್ಷರದ ಸೊಬಗೂ ತೊಂದರೆಯೂ ಆ ತೆಳು ಗೆರೆಯಲ್ಲೇ ಇವೆ.

ಆದ್ದರಿಂದ ಗಾತ್ರವನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. 30 ಪಾಯಿಂಟಿಗಿಂತ ಕೆಳಗೆ ಇದನ್ನು ಬಳಸದಿರುವುದೇ ಲೇಸು. ಮುಹೂರ್ತ, ಸ್ಥಳ, ಬಂಧುಗಳ ಹೆಸರುಗಳಿಗೆ ಸರಳವಾದ ಬೇರೆ ಫಾಂಟ್ ಇರಲಿ.

ಅನಂತರ ಬಣ್ಣದ ವಿಚಾರ. ನಾಲ್ಕು ಶಾಯಿಗಳನ್ನು ಬೆರೆಸಿ ಕಪ್ಪು ಮಾಡಿದರೆ, ಪ್ರತಿ ಶಾಯಿಗೂ ಬೇರೆ ಬೇರೆ ಅಚ್ಚಿನ ತಗಡು (ಪ್ಲೇಟ್) ಬಳಸುವ ಆಫ್‌ಸೆಟ್ ಯಂತ್ರದಲ್ಲಿ ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ತೆಳು ಗೆರೆಯ ಅಂಚಿನಲ್ಲಿ ಬೇರೆ ಬಣ್ಣ ಇಣುಕುತ್ತದೆ. ಕಪ್ಪು ಶಾಯಿಯೊಂದರಲ್ಲೇ ಅಚ್ಚು ಹಾಕಿಸಿದರೆ ಆ ಭಯವಿಲ್ಲ. ಗಾಢ ಕೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬೇಕೆಂದರೆ ಗಾತ್ರವನ್ನು ಮತ್ತಷ್ಟು ಹಿಗ್ಗಿಸಿ, ಏಕೆಂದರೆ ಸುತ್ತಲಿನ ಶಾಯಿ ಹರಡಿಕೊಂಡು ತೆಳು ಗೆರೆಯನ್ನು ಮುಚ್ಚಿಬಿಡುತ್ತದೆ.

ಪಕ್ಕದ ಕನ್ನಡಕ್ಕೆ ಹೆಚ್ಚು ಕಾಳಜಿ ಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದ ನಾಡಿನಲ್ಲಿ ಕನ್ನಡ ಅಕ್ಷರ ಇಂಗ್ಲಿಷಿನ ಬದಿಯಲ್ಲಿ ಬಡಕಲಾಗಿ ಕಾಣುವುದು ಸರಿಯಲ್ಲ. ನೋಟೊ ಸೆರಿಫ್ ಕನ್ನಡದಂತೆ ದಪ್ಪದ ಹಲವು ರೂಪಗಳಿರುವ ಫಾಂಟನ್ನು ಆರಿಸಿಕೊಳ್ಳಿ. ಸಪೂರ ಅಕ್ಷರಕ್ಕೆ ಸಾಫ್ಟ್‌ವೇರಿನಲ್ಲಿ ಹೊರಗೆರೆ ಸುತ್ತಿ ದಪ್ಪ ಮಾಡಬೇಡಿ. ಹಾಗೆ ಮಾಡಿದರೆ ಎಲ್ಲ ಗೆರೆಗಳೂ ಒಂದೇ ಸಮ ಉಬ್ಬಿ, ಒಳಗಿನ ಖಾಲಿ ಜಾಗ ಮುಚ್ಚಿಕೊಳ್ಳುತ್ತದೆ. ಸಾಲುಗಳ ನಡುವಿನ ಅಂತರವನ್ನೂ ಧಾರಾಳವಾಗಿ ಬಿಡಬೇಕು. ‘ಬ್ರಹ್ಮಕಲಶೋತ್ಸವ’ ಎಂಬ ಒಂದೇ ಪದದಲ್ಲಿ ಮೂರು ಕಡೆ ಒತ್ತಕ್ಷರಗಳು ಕೆಳಗಿಳಿಯುತ್ತವೆ. ಅದರ ಅಡಿಯಲ್ಲೇ ಇಂಗ್ಲಿಷ್ ಸಾಲನ್ನು ಒತ್ತಿ ಕೂರಿಸಿದರೆ ಒಂದಕ್ಕೊಂದು ತಾಗುತ್ತವೆ.

ಹೆದ್ದಾರಿ ಬದಿಯ ಫ್ಲೆಕ್ಸಿಗೆ ಈ ಅಕ್ಷರ ಬೇಡ. ಓಡುವ ಬಸ್ಸಿನಿಂದ ತೆಳು ಗೆರೆಗಳು ಕಾಣದೆ, ಪದವೇ ಕಂಬಗಳ ಸಾಲಿನಂತೆ ತೋರುತ್ತದೆ. ಆಮಂತ್ರಣವನ್ನಾದರೂ ಪ್ರೆಸ್ಸಿಗೆ ಒಪ್ಪಿಗೆ ಕೊಡುವ ಮುನ್ನ ನಿಜವಾದ ಅಳತೆಯಲ್ಲಿ, ಅಚ್ಚಾಗಲಿರುವ ಕಾಗದದ ಮೇಲೆಯೇ ಒಂದು ಪ್ರತಿ ತೆಗೆಸಿ, ತೆಳು ಗೆರೆ ಎಲ್ಲಿಯಾದರೂ ತುಂಡಾಗಿದೆಯೇ ಎಂದು ಹಗಲು ಬೆಳಕಿನಲ್ಲಿ ಪರೀಕ್ಷಿಸಿ.